ಹಾಸು ಹೊತ್ತ ಸೈಕಲ್ಲಿಗೆ ಮೋಟರು ಹುಡುಕಿದ್ದು

ಆಗ ನನಗೆ ಐವತ್ತೆಂಟು ವರ್ಷ. ಅದಾಗಿ ಆರು ವರ್ಷವಾಯಿತು. ಎಡ ಮೊಣಕಾಲು ಏರು ಹತ್ತುವಾಗ ನೋಯುತ್ತಿತ್ತು, ಬಲ ಮೊಣಕಾಲು ಇಳಿಯುವಾಗ. ಸಪಾಟು ರಸ್ತೆಯಲ್ಲಿ ಎರಡೂ ಸುಮ್ಮನಿರುತ್ತಿದ್ದವು. ನನ್ನ ದಾರಿಯಲ್ಲಿ ಸಪಾಟು ರಸ್ತೆ ಕಡಿಮೆ.

ಕೆಲಸ ಇಷ್ಟೇ. ತೆಲುಗು ಗಡಿಯ ನಾರಾಯಣಪೇಟೆಯ ಸಾವಕಾರರ ಅಂಗಡಿಯಿಂದ ಸೀರೆಯ ಹಾಸು ಬೆಳಗಿನ ಬಸ್ಸಿಗೆ ನಮ್ಮೂರು ಮದ್ದೂರಿಗೆ ಬರುತ್ತದೆ. ಹಾಸು ಅಂದರೆ ಮಗ್ಗದ ಉದ್ದಕ್ಕೆ ಕಟ್ಟುವ ನೂಲು, ಗಂಟು ಮಾಡಿ ಸುತ್ತಿರುತ್ತಾರೆ. ಅದನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಸುತ್ತಲಿನ ಊರುಗಳ ನೇಕಾರರಿಗೆ ಮುಟ್ಟಿಸಬೇಕು. ಅವರು ನೇಯ್ದ ಸೀರೆ ತಂದು ಮೂರು ಗಂಟೆಯ ಬಸ್ಸಿಗೆ ಹಾಕಬೇಕು. ಮೂವತ್ತು ವರ್ಷ ಇದನ್ನೇ ಮಾಡಿದೆ. ಬಡ್ತಿಯ ಮಾತು ಕೇಳಬೇಡಿ. ಸೈಕಲ್ಲಿನ ಮೇಲೆ ಕೂತವಳಿಗೆ ಅದಕ್ಕಿಂತ ಮೇಲೆ ಕೂರಲು ಜಾಗವಿಲ್ಲ.

ಹೋದ ವರ್ಷ ಕೆಲಸ ಬಿಟ್ಟೆ. ಈಗ ಈ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಬಂದು, ಗುಡ್ಡದ ದಾರಿಗೆ ಸೈಕಲ್ಲಿಗೆ ಯಾವ ಮೋಟರು ಹಾಕಿಸಬೇಕು ಎಂದು ಕೇಳುತ್ತಾರೆ. ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೆ ಬರೆಯಲು ಕೂತೆ. ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಮೋಟರಿನ ಮಾತು ತಪ್ಪಿಲ್ಲ. ಆ ಮಾತಿಗಾಗಿ ನಾನು ಎರಡು ಸಲ ಬಿದ್ದಿದ್ದೇನೆ.

ಎಲ್ಲದಕ್ಕೂ ಮೂಲ ಮೇಲಿನ ಕೇರಿ. ಕೊತ್ತಪಲ್ಲಿ ದಾಟಿದರೆ ಒಂದು ಗುಡ್ಡ, ಗುಡ್ಡದ ಮೇಲೆ ಒಂಬತ್ತು ಮಗ್ಗ. ಅಲ್ಲಿಗೆ ಹೋಗುವ ದಾರಿಯನ್ನು ಯಾರೂ ಮಾಡಿಲ್ಲ, ಮಳೆ ನೀರು ಮಾಡಿದೆ. ಮೊರಂ ಎನ್ನುವ ಕೆಂಪು ಗರಸು ಮಣ್ಣು, ದುಂಡು ಕಲ್ಲು, ನಡುನಡುವೆ ಬಂಡೆ. ಕೊನೆಯ ಏರು ಎಷ್ಟು ಕಡಿದು ಅಂದರೆ ಮುಂದೆ ಹತ್ತುವವರ ಹಿಮ್ಮಡಿ ಹಿಂದಿನವರ ಮೂಗಿಗೆ ಬರುತ್ತದೆ. ಅಲ್ಲಿ ನಾನು ಸೈಕಲ್ಲು ತಳ್ಳಿಕೊಂಡೇ ಹತ್ತುತ್ತಿದ್ದೆ. ಮೊದಲು ಅರ್ಧ ತಾಸು ಹಿಡಿಯುತ್ತಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಎರಡು ತಾಸು.

ಆಷಾಢದಲ್ಲಿ ಸಾವಕಾರರು ನನ್ನನ್ನು ನಾರಾಯಣಪೇಟೆಗೆ ಕರೆಸಿದರು. ಅವರ ಹೆಸರು ವೀರೇಶಪ್ಪ. ಒಳ್ಳೆಯವರು. ಆದರೆ ಒಳ್ಳೆಯದು ಮಾಡಲು ಹೊರಟಾಗಲೇ ಹೆಚ್ಚು ಕಾಟ ಕೊಡುವವರು.

"ಈರಮ್ಮ, ಸಾಕು ಬಿಡು ಇನ್ನ," ಅಂದರು. "ಮಣಕಾಲ್ ನೋಡೇನ್ ಹೆಂಗಾಗ್ಯಾವ. ಅಂಗಡ್ಯಾಗ ಫ್ಯಾನಿನ ಕೆಳಗ ಕುಂತು ಸೀರಿ ಮಡಚು. ಗುಡ್ಡದ ಲೈನು ಜೀಪಿನಾಂವಗ ಕೊಡ್ತೀನಿ."

"ಜೀಪು ಗುಡ್ಡ ಹತ್ತಂಗಿಲ್ರಿ. ಕೆಳಗ ನಿಂತು ಹಾರ್ನ್ ಹೊಡಿತೈತಿ."

"ನೇಕಾರ್ರು ಇಳ್ದು ಬರ್ತಾರ."

"ಇಳ್ದು ಹತ್ತೋದ್ರಾಗ ಅರ್ಧ ದಿನ ಮಗ್ಗ ನಿಲ್ತೈತ್ರಿ."

"ನೀ ಮುಟ್ಟೋದೂ ಮಧ್ಯಾಹ್ನಕ್ಕ ಅಲಾ? ಈ ತಿಂಗಳದಾಗ ಮೂರರ ಬಸ್ ಎಷ್ಟ್ ಸಲ ತಪ್ಪಿಸಿದಿ, ಹೇಳು."

ಐದು ಸಲ ತಪ್ಪಿಸಿದ್ದೆ. ಬಾಯಿ ಮುಚ್ಚಿಕೊಂಡೆ. ಮುಚ್ಚಿದ ಬಾಯಿ ತಾನಾಗಿ ತೆರೆದುಕೊಂಡು, "ಸೈಕಲ್ಲಿಗಿ ಮೋಟರ್ ಹಾಕಸ್ತೀನ್ರಿ," ಅಂದಿತು. ನನಗೆ ಆಗ ಮೋಟರಿನ ಬಗ್ಗೆ ಗೊತ್ತಿದ್ದುದು ಒಂದೇ, ಹೊಲದ ಬಾವಿಯಲ್ಲಿ ಇರುತ್ತದೆ ಅಂತ.

ಸಾವಕಾರರು ಹೊಟ್ಟೆ ಕುಣಿಸಿ ನಕ್ಕರು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಹೇಳಿದರು: "ದಸರಾ ತನಕ ಟೈಮ್. ದಸರಾ ಆದ ಮೊದಲ್ನೇ ಸೋಮವಾರ ನಾನೇ ಬರ್ತೀನಿ. ಗುಡ್ಡ ಹತ್ತಿ, ಸೀರಿ ತಂದು ಮೂರರ ಬಸ್ಸಿಗಿ ಹಾಕಿದಿ ಅಂದ್ರ ಲೈನು ನಿಂದ. ಇಲ್ಲಾಂದ್ರ ಫ್ಯಾನು."

ಫ್ಯಾನಿನ ಕೆಳಗೆ ಕೂತವರನ್ನು ನಾನು ನೋಡಿದ್ದೇನೆ. ದಿನವೆಲ್ಲ ಒಬ್ಬಳ ಸೊಸೆಯ ಸುದ್ದಿಯನ್ನು ಇನ್ನೊಬ್ಬಳು ಮಡಚುತ್ತಾಳೆ. ನನಗೆ ಸೊಸೆ ಇಲ್ಲ. ನಾನು ಅಲ್ಲಿ ಕೂತು ಏನು ಮಾಡಲಿ? ಇಲ್ಲಿ ನೋಡಿದರೆ ದಿನಕ್ಕೆ ಹತ್ತು ಬಾಗಿಲು, ಹತ್ತು ಲೋಟ ಮಜ್ಜಿಗೆ, ಹತ್ತು ಜಗಳ. ಬಿಡಲು ಮನಸ್ಸಿರಲಿಲ್ಲ.

ಮೊದಲು ಗದ್ವಾಲಕ್ಕೆ ಹೋದೆ, ಸೈಕಲ್ಲನ್ನು ಬಸ್ಸಿನ ತಲೆಯ ಮೇಲೆ ಹಾಕಿಸಿಕೊಂಡು. ಅಲ್ಲಿ ಕರೆಂಟಿನ ಸೈಕಲ್ಲಿನ ಹೊಸ ಅಂಗಡಿ ಆಗಿದೆ ಎಂದು ಬಸ್ಸಿನ ಕಂಡಕ್ಟರು ಹೇಳಿದ್ದ. ಅಂಗಡಿಯವನು ತೆಲುಗಿನವನು, ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಮುಂದಿನ ಗಾಲಿಯ ನಡುವೆಯೇ ಮೋಟರು ಇರುವ ಒಂದು ಗಾಲಿ ತೋರಿಸಿ, "ಅಮ್ಮಾ, ಕೊಂಡೈನಾ ಎಕ್ಕುತುಂದಿ," ಅಂದ. ಗುಡ್ಡವಾದರೂ ಹತ್ತುತ್ತದಂತೆ.

"ಏ ಕೊಂಡ?" ಎಂದು ಕೇಳಿದೆ. ಯಾವ ಗುಡ್ಡ ಹತ್ತಿಸಿದ್ದೀಯಪ್ಪಾ?

"ಬ್ರಿಡ್ಜಿ ಎಕ್ಕಿಂಚಾನಮ್ಮಾ," ಅಂದ. ಸೇತುವೆ ಹತ್ತಿಸಿದ್ದಾನಂತೆ.

ಆಗಲೇ ಎದ್ದು ಬರಬೇಕಿತ್ತು. ಆದರೆ ಅವನು ಆ ಗಾಲಿಯನ್ನು ನನ್ನ ಸೈಕಲ್ಲಿಗೆ ಹಾಕಿ, "ಒಂದು ಸುತ್ತು ಹೋಗಿ ಬನ್ನಿ" ಅಂದುಬಿಟ್ಟ. ಕೋಟೆಯ ಮುಂದಿನ ರಸ್ತೆ ತಟ್ಟೆಯಂತಿತ್ತು. ಹಿಡಿಕೆ ತಿರುವಿದೆ. ಅಯ್ಯಯ್ಯೋ! ಕಾಲು ಆಡಿಸದೆ ಸೈಕಲ್ಲು ಓಡಿತು. ಗಾಳಿ ಸೆರಗಿನೊಳಗೆ ಹೊಕ್ಕಿತು. ನಾನು ಐವತ್ತೆಂಟು ವರ್ಷದ ಹೆಂಗಸು, ನಡುರಸ್ತೆಯಲ್ಲಿ ಕಿಲಕಿಲ ನಕ್ಕೆ. ಒಂದು ಸುತ್ತು ಅಂದದ್ದಕ್ಕೆ ನಾಲ್ಕು ಸುತ್ತು ಹಾಕಿದೆ. ಕೊನೆಗೆ ಅಂಗಡಿಯವನೇ ಅಡ್ಡ ನಿಂತು ನಿಲ್ಲಿಸಿದ. ದುಡ್ಡು ಎಣಿಸಿ ಕೊಟ್ಟು ಗಾಲಿ ತಂದೆ.

ಹೆಣ್ಣುಮಕ್ಕಳೇ, ಇದನ್ನು ನೆನಪಿಡಿ. ಅಂಗಡಿಯ ಮುಂದಿನ ರಸ್ತೆಯಲ್ಲಿ ಓಡದ ಮೋಟರೇ ಇಲ್ಲ. ನಿಮ್ಮ ಗುಡ್ಡವನ್ನು ಅಂಗಡಿಗೆ ಒಯ್ಯಲಾಗುವುದಿಲ್ಲ. ಅದಕ್ಕೆ ಮೋಟರನ್ನೇ ಗುಡ್ಡಕ್ಕೆ ತಂದು ನೋಡದೆ ಹೂಂ ಅನ್ನಬೇಡಿ.

ಮೇಲಿನ ಕೇರಿಯ ಏರಿನಲ್ಲಿ ಆ ಗಾಲಿ ನಿಂತಲ್ಲೇ ಗರಗರ ತಿರುಗಿ ಮೊರಂ ಹಾರಿಸಿತು, ನಾಯಿ ಕಾಲಿನಲ್ಲಿ ಮಣ್ಣು ಕೆದರುವಂತೆ. ಭಾರವೆಲ್ಲ ಹಿಂದಿನ ಕ್ಯಾರಿಯರಿನ ಮೇಲೆ. ಮುಂದಿನ ಗಾಲಿಗೆ ನೆಲದ ಮೇಲೆ ಹಿಡಿತವೇ ಇಲ್ಲ. ನಾನು ಬಿಡಲಿಲ್ಲ, ಹಿಡಿಕೆಯನ್ನು ಇನ್ನೂ ತಿರುವಿದೆ. ಗಾಲಿ ಒಂದು ಬಂಡೆ ಕಚ್ಚಿತು. ಗಾಲಿ ನಿಂತಿತು, ಅದರ ನಡುವಿನ ಅಚ್ಚು ತಿರುಗಿತು, ತಂತಿ ಕಿತ್ತುಬಂತು, ಗಾಲಿ ಸೈಕಲ್ಲಿನಿಂದ ಕಳಚಿ ಒಬ್ಬಂಟಿಯಾಗಿ ಗುಡ್ಡ ಇಳಿಯಿತು. ನಾನು ಹಾಸಿನ ಗಂಟು ಅಪ್ಪಿಕೊಂಡು ಕೂತಲ್ಲೇ ಕೂತೆ. ಇದು ಮೊದಲನೆಯ ಸಲ ಬಿದ್ದದ್ದು.

ಮೇಲಿನ ಕೇರಿಯ ಪದ್ದಮ್ಮ ಮೇಲಿನಿಂದ ಇಣುಕಿದಳು. ಅವಳು ನನ್ನ ಓರಗೆಯವಳು, ಆ ಒಂಬತ್ತು ಮಗ್ಗದಲ್ಲಿ ಒಳ್ಳೆಯ ಕೈ ಅವಳದು. "ಯಕ್ಕಾ, ಗಾಲಿ ಅಷ್ಟ ಹೊಂಟೈತಿ, ನೀ ಯಾವಾಗ ಹೊಂಡ್ತಿ?" ಎಂದು ಕೂಗಿದಳು.

ಗಾಲಿಯನ್ನು ಹೆಗಲಿಗೆ ಹಾಕಿಕೊಂಡು ಮಕ್ತಲಿನ ಖಾಜಾಭಾಯಿಯ ಹತ್ತಿರ ಹೋದೆ. ಖಾಜಾಭಾಯಿ ಸೈಕಲ್ಲು ಮಾಡುತ್ತಾನೆ, ಹೊಲಕ್ಕೆ ಔಷಧ ಹೊಡೆಯುವ ಪಂಪು ಮಾಡುತ್ತಾನೆ, ಬೇಕಾದರೆ ಗಡಿಯಾರವನ್ನೂ ಬಿಚ್ಚುತ್ತಾನೆ. ತಿರುಗಿ ಜೋಡಿಸುವುದು ಅವನ ಮನಸ್ಸಿಗೆ ಬಿಟ್ಟದ್ದು. ಗಾಲಿ ನೋಡಿ ಕೇಳಿದ:

"ಅಕ್ಕಾ, ಇದನ್ನ ಹಾಕ್ದಾಂವ ಗುಡ್ಡ ನೋಡ್ಯಾನೇನು?"

"ಬ್ರಿಡ್ಜ್ ನೋಡ್ಯಾನ."

"ಬರೋಬರ್," ಅಂದ. "ಕರೆಂಟಿಂದು ಬಿಡು. ಗುಡ್ಡಕ್ಕ ಪೆಟ್ರೋಲೇ ಬೇಕು."

ಔಷಧ ಪಂಪಿನ ಹಳೆಯ ಎಂಜಿನ್ನು ಒಂದಿತ್ತು ಅವನ ಬಳಿ. ಅದನ್ನು ಕ್ಯಾರಿಯರಿನ ಕೆಳಗೆ ಕಟ್ಟಿ ಹಿಂದಿನ ಗಾಲಿಗೆ ಹಚ್ಚಿದ. ಹಗ್ಗ ಎಳೆದರೆ ಎಂಜಿನ್ನು ಎದ್ದು ಕೂಗುತ್ತಿತ್ತು. ಎಂಥ ಕೂಗು! ಮದ್ದೂರಿನಲ್ಲಿ ಹಗ್ಗ ಎಳೆದರೆ ಕೊತ್ತಪಲ್ಲಿಯಲ್ಲಿ ಮಜ್ಜಿಗೆ ಬೆರೆಸಿ ಇಡುತ್ತಿದ್ದರು. ಗುಡ್ಡ ಹತ್ತಿತೋ? ಹತ್ತಿತು, ಸುಳ್ಳು ಹೇಳುವುದಿಲ್ಲ. ಹತ್ತುವಾಗ ನನ್ನ ಹಲ್ಲು, ಕಣ್ಣುಗುಡ್ಡೆ, ಮೂಗುತಿ ಎಲ್ಲ ಬೇರೆ ಬೇರೆಯಾಗಿ ನಡುಗಿದವು. ಮೇಲಿನ ಕೇರಿಗೆ ಅರ್ಧ ತಾಸಿನಲ್ಲಿ ಮುಟ್ಟಿ, ಸೀರೆ ತಂದು, ಬಸ್ಸಿಗೆ ಹಾಕಿ, ಗೆದ್ದೆ ಅಂದುಕೊಂಡು ಮಲಗಿದೆ.

ಮಾರನೆಯ ದಿನ ಸಾವಕಾರರ ಫೋನು ಬಂತು.

"ಈರಮ್ಮ, ಈ ಸೀರಿ ಮೂಸಿ ನೋಡೀದೇನು?"

"ಸೀರಿ ಯಾಕ್ರಿ ಮೂಸ್ಲಿ?"

"ಮದುವಿ ಹುಡುಗಿ ಮೂಸ್ಯಾಳ. ಇದನ್ನ ಉಟ್ಕೊಂಡು ಧಾರೀಗಿ ನಿಲ್ಲಬೇಕೋ, ಹೊಲಕ್ಕ ಔಷಧ ಹೊಡ್ಯಾಕ ಹೋಗ್ಬೇಕೋ ಅಂತ ಕೇಳಾಕತ್ಯಾಳ!"

ಸೀರೆಯ ಸೆರಗಿನಲ್ಲಿ ಎಣ್ಣೆಯ ಮೂರು ಚುಕ್ಕಿಯೂ ಇದ್ದವಂತೆ. ಅದನ್ನು ಪದ್ದಮ್ಮ ಹದಿನೆಂಟು ದಿನ ಕೂತು ನೇಯ್ದಿದ್ದಳು. ಅವಳ ಮುಖ ನೋಡುವುದು ಕಷ್ಟವಾಯಿತು. ಅವಳು ಬೈಯಲಿಲ್ಲ. "ನನ್ನ ಸೀರೀನೂ ಗುಡ್ಡ ಹತ್ತಿ ಬೆವತೈತಿ ಬಿಡು," ಅಂದಳು. ಬೈದಿದ್ದರೆ ಚೆನ್ನಾಗಿತ್ತು. ರೇಷ್ಮೆ ಹೊರುವ ಸೈಕಲ್ಲಿಗೆ ಪೆಟ್ರೋಲು ಕೂಡದು. ಗುಡ್ಡ ಎಷ್ಟೇ ಕಡಿದಾಗಿರಲಿ, ಇದಕ್ಕೆ ಎರಡನೆಯ ಮಾತಿಲ್ಲ.

ಎಂಜಿನ್ನು ತೆಗೆದು ಖಾಜಾಭಾಯಿಯ ಮುಂದೆ ಇಟ್ಟೆ. ಅವನು ತಲೆ ಕೆರೆದುಕೊಂಡು ಈ ಸಲ ಕರೆಂಟಿನದೇ ಬೇರೆ ನಮೂನೆ ತರಿಸಿದ. ತೆಂಗಿನಕಾಯಿಯಷ್ಟು ಮೋಟರು. ಅದು ಗಾಲಿಯ ನಡುವೆ ಇರುವುದಿಲ್ಲ, ಪೆಡಲಿನ ಹಿಂದೆ ಚೌಕಟ್ಟಿಗೆ ಕೂರುತ್ತದೆ. ಅಲ್ಲಿಂದ ಒಂದು ಚೈನು ಹಿಂದಿನ ಗಾಲಿಯ ಎಡಗಡೆಗೆ. ಬಲಗಡೆ ನಮ್ಮ ಕಾಲಿನ ಚೈನು, ಎಡಗಡೆ ಮೋಟರಿನ ಚೈನು. ಕಾಲೂ ಒತ್ತಬಹುದು, ಮೋಟರೂ ಎಳೆಯುತ್ತದೆ, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಇದೇ ಸರಿ ಎಂದು ನನಗೆ ನೋಡಿದ ಕೂಡಲೇ ಅನ್ನಿಸಿತು. ಭಾರ ಇರುವ ಗಾಲಿಯನ್ನೇ ಎಳೆಯುತ್ತಿತ್ತಲ್ಲ.

ಆದರೆ ಗುಡ್ಡದ ಅರ್ಧಕ್ಕೆ ನಿಂತಿತು. ಮುಟ್ಟಿದರೆ ಕೈ ಚುರ್ ಅಂದಿತು. ಮೋಟರು ಕಾದ ಹೆಂಚಾಗಿತ್ತು.

ಈಗ ನನ್ನ ಬುದ್ಧಿವಂತಿಕೆ ಕೇಳಿ. ಬಿಸಿಲಿನಲ್ಲಿ ಹಾಸು ಒಣಗಿದರೆ ಎಳೆ ಪಟಪಟ ಹರಿಯುತ್ತದೆ. ಅದಕ್ಕೆ ನಾವು ಗಂಟಿನ ಮೇಲೆ ಹಸಿ ಬಟ್ಟೆ ಸುತ್ತಿ ಒಯ್ಯುತ್ತೇವೆ. ನಮ್ಮ ಅವ್ವ ಮಾಡಿದ್ದು, ಅವಳ ಅವ್ವ ಮಾಡಿದ್ದು. ಕಾಯುವುದಕ್ಕೆಲ್ಲ ಹಸಿ ಬಟ್ಟೆಯೇ ಮದ್ದು ಎಂದು ನನ್ನ ಕೈಗೆ ರೂಢಿ. ಮರುದಿನ ಹೊರಡುವ ಮುಂಚೆ ಹಳೆಯ ಧೋತರ ನೀರಿನಲ್ಲಿ ಅದ್ದಿ ಮೋಟರಿಗೆ ಸುತ್ತಿದೆ. ಉಳಿದದ್ದನ್ನು ಬ್ಯಾಟರಿಗೆ ಸುತ್ತಿದೆ. ಇನ್ನೂ ಉಳಿಯಿತು, ಹಿಡಿಕೆಯಿಂದ ಬರುವ ತಂತಿಯ ಗಂಟುಗಳಿಗೂ ಸುತ್ತಿ ಬಿಗಿಯಾಗಿ ಕಟ್ಟಿದೆ. ಬಾಣಂತಿಯ ತಲೆ ಕಟ್ಟಿದ ಹಾಗೆ ಕಾಣುತ್ತಿತ್ತು.

ಕೊತ್ತಪಲ್ಲಿ ದಾಟುವ ತನಕ ಚೆನ್ನಾಗಿತ್ತು. ದಾಟಿದ ಮೇಲೆ, ನಾನು ಹಿಡಿಕೆ ತಿರುವದೆಯೇ, ಸೈಕಲ್ಲು ಜಿಗಿಯಿತು. ನೀರು ತಂತಿಯ ಗಂಟಿನೊಳಗೆ ಇಳಿದಿತ್ತು. ಬ್ರೇಕು ಒತ್ತಿದೆ. ಹಳೆಯ ಸರಳಿನ ಬ್ರೇಕು, ಕಿರ್ ಎಂದು ಅತ್ತಿತು, ಹಿಡಿಯಲಿಲ್ಲ. ಮೋಟರು ಬಂದ್ ಮಾಡುವ ಕೀಲಿ ಇತ್ತು. ಅದೂ ಬಟ್ಟೆಯ ಒಳಗಿತ್ತು. ಎದುರಿಗೆ ದಾರಿ ತುಂಬ ಕುರಿ.

ಕುರಿ ಕಾಯುವ ಮಾಳಪ್ಪ ಕಂಬಳಿ ಹೊದ್ದು ಕೋಲೂರಿ ನಿಂತಿದ್ದ. "ಯಕ್ಕಾ, ಬ್ರೇಕ್ ಹಿಡಿಯೇ!" ಎಂದು ಕೂಗಿದ.

"ಹಿಡ್ದೀನೋ! ನನ್ ಮಾತ್ ಕೇಳವಲ್ದೋ!"

ಅರ್ಧ ಕುರಿ ಎಡಕ್ಕೆ ಹೋದವು, ಅರ್ಧ ಬಲಕ್ಕೆ. ಟಗರು ಒಂದು ಎಲ್ಲಿಗೂ ಹೋಗಲಿಲ್ಲ. ಅದು ನನ್ನನ್ನು ನೋಡಿ ತಲೆ ತಗ್ಗಿಸಿತು. ಮುಂದೆ ಏನಾಯಿತೆಂದು ಟಗರಿಗೇ ಚೆನ್ನಾಗಿ ಗೊತ್ತು. ನಾನು ಕಣ್ಣು ಬಿಟ್ಟಾಗ ಎರಡು ಕುರಿಗಳ ಮೇಲೆ ಮಲಗಿದ್ದೆ. ಮೆತ್ತಗಿತ್ತು. ಹಾಸಿನ ಗಂಟು ತಲೆಯ ಮೇಲೆ ಎತ್ತಿ ಹಿಡಿದಿದ್ದೆ, ಅದಕ್ಕೆ ಒಂದು ಕಡ್ಡಿಯೂ ಅಂಟಿರಲಿಲ್ಲ. ಸೈಕಲ್ಲು ಮಾತ್ರ ಅಂಗಾತ ಬಿದ್ದು ಹಿಂದಿನ ಗಾಲಿಯನ್ನು ಗುಂಯ್ ಗುಂಯ್ ಎಂದು ಆಕಾಶದಲ್ಲಿ ಓಡಿಸುತ್ತಿತ್ತು.

ಮಾಳಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಇದ್ರೊಳಗ ಏನೋ ಹೊಕ್ಕೈತಿ ಯಕ್ಕಾ," ಅಂದವನೇ ನಡುವಿನ ಚೀಲ ಬಿಚ್ಚಿ, ಬೀರಪ್ಪನ ಹೆಸರು ಹೇಳಿ, ಮೋಟರಿನ ಮೇಲೆ ಒಂದು ಹಿಡಿ ಭಂಡಾರ ಎರಚಿದ. ಅದೇ ಹೊತ್ತಿಗೆ ನಾನು ತೆವಳಿ ಹೋಗಿ ಬ್ಯಾಟರಿಯ ತಂತಿ ಕಿತ್ತೆ. ಗಾಲಿ ನಿಂತಿತು.

"ನೋಡಿದ್ಯಾ? ತಣ್ಣಗಾತು," ಅಂದ ಮಾಳಪ್ಪ. ಅವನಿಗೆ ತಂತಿಯ ಮಾತು ನಾನು ಇವತ್ತಿನ ತನಕ ಹೇಳಿಲ್ಲ. ಅರಿಶಿನ ಬಳಿದುಕೊಂಡ ಸೈಕಲ್ಲನ್ನೂ ನನ್ನನ್ನೂ ಕಂಡ ಖಾಜಾಭಾಯಿ ಅಂಗಡಿಯ ಕಟ್ಟೆ ಹಿಡಿದುಕೊಂಡು ಕೂತುಬಿಟ್ಟ.

"ಕರೆಂಟಿಗಿ ನೀರ್ ಕುಡಿಸೀದೇನು ಅಕ್ಕಾ?"

"ಬಿಸಲಾಗ ಹಾಸಿನ ಮ್ಯಾಲ ಹಸಿ ಬಟ್ಟಿ ಹಾಕಂಗಿಲ್ಲೇನು?"

"ಯಾ ಅಲ್ಲಾ!" ಎಂದು ಅವನು ಹಣೆ ಚಚ್ಚಿಕೊಂಡು, ನಕ್ಕು, ಕೆಮ್ಮಿ, ಮತ್ತೆ ನಕ್ಕ. ಆಮೇಲೆ ತಂತಿಗಳನ್ನು ಒಣಗಿಸಿ, ಗಂಟುಗಳಿಗೆ ರಬ್ಬರು ಸುತ್ತಿ ಕೊಟ್ಟ. ಅದನ್ನೂ ನೆನಪಿಡಿ. ಮೋಟರಿಗೆ ಗಾಳಿ ಬೇಕು, ತಂತಿಗೆ ರಬ್ಬರು ಬೇಕು, ಬಂದ್ ಮಾಡುವ ಕೀಲಿ ಹೆಬ್ಬೆರಳಿಗೆ ಸಿಗುವಲ್ಲಿ ಇರಬೇಕು.

ಕಾಯುವುದು ಮಾತ್ರ ನಿಲ್ಲಲಿಲ್ಲ. ದಸರೆಗೆ ಎಂಟು ದಿನ ಉಳಿದಿತ್ತು. ಅರ್ಧ ಗುಡ್ಡಕ್ಕೆ ಮೋಟರು ಬಂದ್ ಆಗಿ, ಉಳಿದರ್ಧ ತಳ್ಳಿಕೊಂಡು ಹತ್ತಿ, ಪದ್ದಮ್ಮನ ಮನೆಯಲ್ಲಿ ಕಾಲು ಚಾಚಿ ಕೂತೆ. ನನ್ನ ಮುಂದೆ ಅವಳು ಕಂಡಿಕೆ ಸುತ್ತುವ ರಾಟೆ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಲಾಳಿಯೊಳಗೆ ಇಡುವ ನೂಲಿನ ಸಣ್ಣ ಕೊಳವೆಗೆ ಕಂಡಿಕೆ ಅನ್ನುತ್ತೇವೆ. ರಾಟೆಯ ದೊಡ್ಡ ಗಾಲಿಯನ್ನು ಹಿಡಿಕೆಯಿಂದ ಒಂದು ಸುತ್ತು ತಿರುವಿದರೆ ಸಣ್ಣ ಕದಿರು ಗರ್ ಎಂದು ಹತ್ತಾರು ಸುತ್ತು ತಿರುಗುತ್ತದೆ. ವೇಗ ಬಹಳ, ಬಲ ಕಡಿಮೆ. ಬೆರಳು ತಾಗಿಸಿದರೆ ನಿಲ್ಲುತ್ತದೆ.

ಬೇಸರಕ್ಕೆ ನಾನು ಉಲ್ಟಾ ಮಾಡಿದೆ. ಕದಿರನ್ನು ಎರಡು ಬೆರಳಿನಲ್ಲಿ ತಿರುವಿದೆ. ದೊಡ್ಡ ಗಾಲಿ ಬಸುರಿ ಎಮ್ಮೆಯಂತೆ ಮೆಲ್ಲಗೆ ತಿರುಗಿತು.

"ಪದ್ದಿ, ಆ ಹಿಡಿಕಿ ಹಿಡ್ದು ನಿಲ್ಸು ನೋಡೋಣ," ಅಂದೆ.

ಅವಳು ಹಿಡಿದಳು. ನಾನು ಬೆರಳು ಬಿಡದೆ ತಿರುವಿದೆ. ಮಗ್ಗ ಬಡಿದು ಗಟ್ಟಿಯಾದ ಕೈ ಅವಳದು. ಹಿಡಿಕೆ ಆ ಕೈಯನ್ನೂ ತಳ್ಳಿಕೊಂಡು ಮುಂದೆ ಹೋಯಿತು.

"ಎರಡ್ ಬೆರಳಿಗಿ ಇಷ್ಟ್ ಜೋರ್ ಎಲ್ಲಿಂದ ಬಂತ ಯಕ್ಕಾ?"

ನಾನು ಎದ್ದು ಕುಣಿದೆ. ಮೊಣಕಾಲು ಕುಣಿಯುವ ಸ್ಥಿತಿಯಲ್ಲಿರಲಿಲ್ಲ, ಆದರೂ ಕುಣಿದೆ. ಸಣ್ಣ ಗಾಲಿ ದೊಡ್ಡ ಗಾಲಿಯನ್ನು ತಿರುವಿದರೆ ವೇಗ ಹೋಗುತ್ತದೆ, ಬಲ ಬರುತ್ತದೆ. ಆರು ವರ್ಷದವಳಿದ್ದಾಗಿನಿಂದ ರಾಟೆ ತಿರುವಿದ್ದೇನೆ, ಇದು ಹೊಳೆಯಲು ಐವತ್ತೆರಡು ವರ್ಷ ಬೇಕಾಯಿತು. ನಮ್ಮ ಮೋಟರಿನ ಚೈನು ಹಿಂದಿನ ಗಾಲಿಯಲ್ಲಿ ಹಿಡಿದುಕೊಳ್ಳುವ ಹಲ್ಲಿನ ಚಕ್ರ ಅಂಗೈಯಷ್ಟೇ ಇತ್ತು. ಅದು ಗದ್ವಾಲದ ರಸ್ತೆಗೆ ಆಗುವಂಥದ್ದು. ಗುಡ್ಡಕ್ಕೆ ತಟ್ಟೆಯಷ್ಟು ದೊಡ್ಡದು ಬೇಕು.

ಮಾರನೆಯ ದಿನವೇ ಮಕ್ತಲಿಗೆ ಹೋಗಿ ಖಾಜಾಭಾಯಿಗೆ ಹೇಳಿದೆ. ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟ. "ಇಷ್ಟು ವರ್ಷ ಸೈಕಲ್ ಮಾಡೀನಿ ಅಕ್ಕಾ, ನನಗ ಮೊದ್ಲ ಹೊಳೀಬೇಕಿತ್ತು. ಆದ್ರ ನೀ ಮೆಲ್ಲಕ ಹೋಗ್ತಿ ನೋಡು, ನಡ್ಯಾಂವನ ಜೋಡಿ."

"ಗುಡ್ಡದ ಮ್ಯಾಲ ನನಗೇನು ಮದುವಿ ಮುಹೂರ್ತ ಐತೇನು? ಹತ್ತಿದ್ರ ಸಾಕು."

ಗುಜರಿಯ ಮೊಪೆಡ್ಡಿನಿಂದ ದೊಡ್ಡ ಹಲ್ಲಿನ ಚಕ್ರ ಬಿಚ್ಚಿ, ಹೊಂದುವ ಚೈನು ಹುಡುಕಿ, ಹಾಕಿದ. ಮೊರಮ್ಮಿನಲ್ಲಿ ಹಿಡಿತ ಸಿಗಲೆಂದು ಅಗಲ ಟೈರು ಹಾಕಿ ಗಾಳಿ ಕಡಿಮೆ ಮಾಡಿದ. ಬ್ಯಾಟರಿಯನ್ನು ಕ್ಯಾರಿಯರಿನಿಂದ ಕಿತ್ತು ಚೌಕಟ್ಟಿನ ನಡುವೆ ಕೆಳಗೆ ಕಟ್ಟಿಸಿದೆ, ಹಿಂದೆ ಭಾರ ಹೆಚ್ಚಾದರೆ ಏರಿನಲ್ಲಿ ಸೈಕಲ್ಲು ಕುದುರೆಯಂತೆ ಎದ್ದು ನಿಲ್ಲುತ್ತದೆ. ಸರಳಿನ ಬ್ರೇಕು ತೆಗೆಸಿ ಡಿಸ್ಕಿನ ತಟ್ಟೆ ಬ್ರೇಕು ಹಾಕಿಸಿದೆ. ಹತ್ತುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ, ಇಳಿಯುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಹತ್ತಲಾಗದಿದ್ದರೆ ನಿಲ್ಲುತ್ತೀರಿ. ಇಳಿಯಲಾಗದಿದ್ದರೆ ಎಲ್ಲಿ ನಿಲ್ಲುತ್ತೀರೋ ಹೇಳಲಾಗದು.

ಸೋಮವಾರ ಬಂತು. ಸಾವಕಾರರೂ ಬಂದರು, ಬಿಳಿ ಧೋತರ, ಬಿಳಿ ಟೊಪ್ಪಿಗೆ. ಮದ್ದೂರಿನಿಂದ ಅವರು ಜೀಪಿನಲ್ಲಿ, ನಾನು ಸೈಕಲ್ಲಿನಲ್ಲಿ. ಗುಡ್ಡದ ಬುಡದಲ್ಲಿ ಜೀಪು ನಿಂತಿತು. ಸಾವಕಾರರು ಇಳಿದು ಕತ್ತೆತ್ತಿ ಏರು ನೋಡಿದರು. ಇಪ್ಪತ್ತು ವರ್ಷದಿಂದ ಅವರ ಸೀರೆ ಅಲ್ಲಿಂದ ಬರುತ್ತಿದೆ, ಅವರು ಆ ಗುಡ್ಡವನ್ನು ಕಂಡದ್ದು ಅವತ್ತೇ.

"ಇದನ್ನ ನಾ ಹತ್ತಬೇಕಾ?"

"ಹಿಂದ ಕುಂದರ್ರಿ. ಹಾಸು ತೊಡಿ ಮ್ಯಾಲ ಹಿಡ್ಕೊರಿ," ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಎಂಬತ್ತು ಕಿಲೋ ಮನುಷ್ಯ. ಅಂದ ಮೇಲೆ ಬಾಗಿ ಟೈರು ಒತ್ತಿ ನೋಡಿದೆ.

"ಹೊರ್ತೈತೇನಿದು ನನ್ನ?"

ಕುರಿ ಬಿಟ್ಟು ತಮಾಷೆ ನೋಡಲು ಬಂದಿದ್ದ ಮಾಳಪ್ಪ, "ಕುಂದರ್ರಿ ಸಾವಕಾರ್ರ. ನಮ್ಮ ಟಗರ ಗುದ್ದಿದ್ರೂ ಇದಕ ಏನೂ ಆಗಿಲ್ಲ," ಅಂದ.

ಕೂತರು. ಟೈರು ಚಪ್ಪಟೆಯಾಯಿತು. ಹಿಡಿಕೆ ತಿರುವಿದೆ, ಕಾಲೂ ಒತ್ತಿದೆ. ಮೋಟರು ಗೊಣಗಿತು, ಚೈನು ಬಿಗಿಯಾಯಿತು, ಸೈಕಲ್ಲು ಹೊರಟಿತು. ಎಷ್ಟು ಮೆಲ್ಲಗೆ ಅಂದರೆ ಮಾಳಪ್ಪ ಪ್ರತಿ ಹೆಜ್ಜೆಗೂ ನಮ್ಮ ಪಕ್ಕದಲ್ಲೇ ಇದ್ದು ಸಾವಕಾರರಿಗೆ ಕಂಬಳಿಯ ನೇಯ್ಗೆಯ ಬಗ್ಗೆ ಹೇಳುತ್ತಾ ಬಂದ. "ನಿಮ್ಮ ರೇಷ್ಮಿ ಮಳ್ಯಾಗ ತೋಯ್ದ್ರ ಹೋತು, ನಮ್ಮ ಕಂಬಳಿ ಹಂಗಲ್ರಿ," ಅನ್ನುತ್ತಿದ್ದ. ಸಾವಕಾರರು ಹಾಸನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡರು. ಬಂಡೆ ಬಂತು. ಮುಂದಿನ ಗಾಲಿ ನೆಲ ಬಿಟ್ಟು ಎದ್ದಿತು.

"ಮುಂದ ಬಾಗ್ರಿ ಸಾವಕಾರ್ರ!" ಎಂದು ಚೀರಿದೆ.

ಬಾಗಿದರು. ಅವರ ಹಣೆ ನನ್ನ ಬೆನ್ನಿಗೆ ಬಡಿಯಿತು, ಟೊಪ್ಪಿಗೆ ಹಾರಿತು, ಗಾಲಿ ನೆಲ ಮುಟ್ಟಿತು. ಮೂವತ್ತು ವರ್ಷದಲ್ಲಿ ಅವರು ನನಗೆ ತಲೆ ಬಾಗಿದ್ದು ಅದೊಂದೇ ಸಲ. ಹಿಂದಿನಿಂದ ಮಾಳಪ್ಪ "ಏಳುಕೋಟಿಗೋ!" ಎಂದು ಮೈಲಾರನನ್ನು ಕೂಗಿದ. ಮೇಲಿನಿಂದ ಹೆಂಗಸರೂ ಕೂಗಿದರು. ಒಂಬತ್ತು ಮಗ್ಗ ನಿಲ್ಲಿಸಿ ಎಲ್ಲರೂ ಅಂಚಿಗೆ ಬಂದಿದ್ದರು. ಕೊನೆಯ ಏರು, ಹಿಮ್ಮಡಿ ಮೂಗಿಗೆ ಬರುವ ಏರು. ಮೋಟರು ಕಾಯಿತು, ಆದರೆ ಸುಡಲಿಲ್ಲ. ಎಮ್ಮೆಯಂತೆ ಹತ್ತಿತು, ಎಮ್ಮೆಯಂತೆಯೇ ನಿಲ್ಲದೆ ಹತ್ತಿತು. ಪದ್ದಮ್ಮನ ಬಾಗಿಲ ಮುಂದೆ ಬ್ರೇಕು ಹಿಡಿದೆ. ಸಾವಕಾರರು ಹಾಸು ಅಪ್ಪಿಕೊಂಡೇ ಕೆಳಗಿಳಿದು, ಅಪ್ಪಿಕೊಂಡೇ ಕಟ್ಟೆಯ ಮೇಲೆ ಕೂತರು.

"ಮಜ್ಜಿಗಿ," ಅಂದರು.

ಗೆದ್ದೆ ಅಂದುಕೊಂಡರೆ, ಪದ್ದಮ್ಮ ನನ್ನನ್ನು ಒಳಗೆ ಕರೆದು ಸೀರೆ ತೋರಿಸಿದಳು. ಮಗ್ಗದಲ್ಲಿ ಇನ್ನೂ ಒಂದು ಮೊಳ ನೇಯುವುದು ಉಳಿದಿತ್ತು. "ನೀ ಮಧ್ಯಾಹ್ನದ ಮ್ಯಾಲೇ ಬರ್ತಿ ಅನ್ಕೊಂಡಿದ್ನೇ ಯಕ್ಕಾ," ಅಂದಳು. ಬರಿಗೈಯಲ್ಲಿ ಇಳಿದರೆ ಫ್ಯಾನೇ ಗತಿ. ಅವಳು ಮಗ್ಗದ ಗುಂಡಿಗೆ ಇಳಿದಳು. ನಾನು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತಿ ಸುತ್ತಿ ಕೊಟ್ಟೆ. ಟಕಟಕ ಲಾಳಿ ಓಡಿತು. ಸಾವಕಾರರು ಬಾಗಿಲಲ್ಲಿ ನಿಂತು ಒಂದು ಸಲ ಗಡಿಯಾರ, ಒಂದು ಸಲ ಸೀರೆ ನೋಡಿದರು. "ಲಗೂ ಲಗೂ" ಅಂದರು. "ನೀವ್ ಬಾಯಿ ಹಾಕಿದ್ರ ಎಳಿ ಹರೀತೈತ್ರಿ," ಎಂದು ಪದ್ದಮ್ಮ ತಲೆ ಎತ್ತದೆ ಹೇಳಿದಳು. ಎರಡಕ್ಕೆ ಸ್ವಲ್ಪ ಮುಂಚೆ ಸೀರೆ ಮಗ್ಗದಿಂದ ಇಳಿಯಿತು.

"ಬರ್ರಿ ಸಾವಕಾರ್ರ, ಇಳ್ಯೋಣು," ಅಂದೆ.

ಅವರು ಇಳಿಜಾರು ನೋಡಿ, "ನೀ ನಡಿ. ನಾ ನಡ್ಕೊಂಡ ಬರ್ತೀನಿ," ಅಂದರು.

ಮೋಟರು ಬಂದ್ ಮಾಡಿ ಎರಡು ಬ್ರೇಕಿನ ಮೇಲೆ ಬೆರಳಿಟ್ಟು ಇಳಿದೆ. ಬಲ ಮೊಣಕಾಲಿಗೆ ಕೆಲಸವೇ ಇರಲಿಲ್ಲ. ಬುಡ ಮುಟ್ಟಿದ ಮೇಲೆ ಹಿಡಿಕೆ ಪೂರ್ತಿ ತಿರುವಿ, ಕಾಲೂ ಸೇರಿಸಿ, ಹಾಡಿಕೊಂಡು ಹೋದೆ. ನನಗೆ ಹಾಡಲು ಬರುವುದಿಲ್ಲ. ಮದ್ದೂರು ಮುಟ್ಟಿದಾಗ ಬಸ್ಸಿನ ಡ್ರೈವರು ಇನ್ನೂ ಚಹಾ ಕುಡಿಯುತ್ತಿದ್ದ. ಸೀರೆಯನ್ನು ಕಂಡಕ್ಟರನ ಕೈಗೆ ಕೊಟ್ಟು ನಾನೂ ಒಂದು ಚಹಾ ಹೇಳಿದೆ.

ಸಾವಕಾರರು ಮುಟ್ಟಿದಾಗ ನಾಲ್ಕು. ಬಿಳಿ ಧೋತರ ಮೊರಮ್ಮಿನ ಬಣ್ಣಕ್ಕೆ ತಿರುಗಿತ್ತು.

"ಬಸ್ ಹೋತೇನು?"

"ಸೀರಿ ಹೋತ್ರಿ. ನೀವ್ ಉಳದ್ರಿ."

ಬಾಯಿ ಮೀರಿ ಅಂದುಬಿಟ್ಟೆ. ಅವರು ನನ್ನನ್ನು ದಿಟ್ಟಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೈನು ನಿಂದ ತಗೋ. ಗುಂಡುಮಾಲ್ ಕಡೀ ಲೈನೂ ನೀನ ನೋಡ್ಕೋ. ನಾಳೆ ಮುಂಜಾನಿ ಹಾಸು ಬರ್ತಾವ. ಮೋಟರಿನ ಈರಮ್ಮ ಬರ್ತಾಳಂತ ಫೋನ್ ಮಾಡಿ ಹೇಳಿಬಿಡ್ತೀನಿ," ಅಂದರು.

ಸಂಜೆ ನಮ್ಮ ಓಣಿಯ ಹೆಂಗಸರೆಲ್ಲ ಬಂದು ಸೈಕಲ್ಲು ಹತ್ತಿದರು. ಹತ್ತಲು ಬಾರದವರೂ ಹತ್ತಿದರು. ಕೊನೆಗೆ ಬ್ಯಾಟರಿ ಇಳಿದು ಮೋಟರು ತಿರುಗದಾದಾಗ ಒಳಗೆ ತಂದು ಚಾರ್ಜರು ಸಿಕ್ಕಿಸಿ ಮಲಗಿದೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಚಾರ್ಜರು ಸಿಕ್ಕಿಸಿದ್ದೆ, ಸ್ವಿಚ್ಚು ಒತ್ತಿರಲಿಲ್ಲ. ಬಸ್ಸು ಬಂತು, ಹಾಸು ಬಂತು. ಕಟ್ಟಿಕೊಂಡು ಗುಂಡುಮಾಲಿನ ದಾರಿ ಹಿಡಿದೆ. ಸತ್ತ ಬ್ಯಾಟರಿಯ ಭಾರವನ್ನೂ ಸೇರಿಸಿ ಊರ ತನಕ ಕಾಲಿನಲ್ಲೇ ತುಳಿದೆ. ಊರ ಬಾಯಿಯಲ್ಲಿ ನೇಕಾರರೆಲ್ಲ ಮೋಟರು ನೋಡಲು ಸಾಲಾಗಿ ನಿಂತಿದ್ದರು. ಬೆನ್ನು ನೆಟ್ಟಗೆ ಮಾಡಿ, ಕಚ್ಚೆಯ ನೆರಿಗೆಯೊಳಗೆ ಕಾಲು ಮೆಲ್ಲಗೆ ಆಡಿಸುತ್ತಾ, ಬಾಯಿಂದ ಗುಂಯ್ ಗುಂಯ್ ಅನ್ನುತ್ತಾ ಅವರ ಮುಂದೆ ಹಾದು ಹೋದೆ.